ಹೊನ್ನಾವರದ ಶಾಲೆಗಳಿಂದ ಬೀದರಿನ ಮದರಸದವರೆಗೆ

ಸಿರಸಿ, ಸಿದ್ದಾಪುರ, ಯಲ್ಲಾಪುರದ ಜನರಿಗೆ ಹೊನ್ನಾವರವೆಂದರೆ ಘಟ್ಟದ ಕೆಳಗಿನ ಊರು. ಶರಾವತಿ ಕಡಲು ಸೇರುವ ಈ ಬಂದರಿನಿಂದ ಘಟ್ಟದ ಮೇಲಿನ ಕಾಳುಮೆಣಸು ಶತಮಾನಗಳ ಕಾಲ ಹಡಗು ಹತ್ತಿ ಪರದೇಶಕ್ಕೆ ಹೋಯಿತು. ಇಷ್ಟು ಸಂಗತಿ ಅನೇಕರಿಗೆ ಗೊತ್ತು. ಆದರೆ ಸುಮಾರು 680 ವರ್ಷಗಳ ಹಿಂದೆ ಇದೇ ಊರಿನಲ್ಲಿ ಹೆಣ್ಣುಮಕ್ಕಳಿಗಾಗಿಯೇ 13 ಶಾಲೆಗಳಿದ್ದವು ಎಂಬುದು ಎಷ್ಟು ಜನರಿಗೆ ತಿಳಿದಿದೆ?

ಇದನ್ನು ಕಣ್ಣಾರೆ ಕಂಡು ಹೇಳಿದವನು ಇಬ್ನ್ ಬತೂತ. ಮೊರಾಕೊ ದೇಶದ ಟ್ಯಾಂಜಿಯರ್ ಪಟ್ಟಣದಲ್ಲಿ 1304ರಲ್ಲಿ ಹುಟ್ಟಿದ ಈತ 1325ರಲ್ಲಿ ಮೆಕ್ಕಾ ಯಾತ್ರೆಗೆಂದು ಮನೆ ಬಿಟ್ಟ. ಆಮೇಲೆ ಸುಮಾರು ಮೂವತ್ತು ವರ್ಷ ಅವನ ಕಾಲು ನಿಲ್ಲಲಿಲ್ಲ. ದೆಹಲಿಯಲ್ಲಿ ಮಹಮದ್ ಬಿನ್ ತುಘಲಕನ ಕೈಕೆಳಗೆ ಕೆಲವು ವರ್ಷ ನ್ಯಾಯಾಧೀಶನಾಗಿದ್ದ. 1342ರಲ್ಲಿ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟು, ಪಶ್ಚಿಮ ಕರಾವಳಿಯ ಗುಂಟ ಹಡಗಿನಲ್ಲಿ ಬರುತ್ತ ಹೊನ್ನಾವರದಲ್ಲಿ ಇಳಿದ. ಅವನ ಬಾಯಲ್ಲಿ ಊರಿನ ಹೆಸರು ‘ಹಿನಾವರ್’ ಆಗಿದೆ. ಊರಿಗೆ ಮರಳಿದ ಮೇಲೆ ಅವನು ಹೇಳಿ ಬರೆಸಿದ ಪ್ರವಾಸಕಥನ 1355ರಲ್ಲಿ ಮುಗಿಯಿತು.

ಹೊನ್ನಾವರದಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ತಾನು ಕಂಡೆನೆಂದೂ ಇಂಥದನ್ನು ಬೇರೆಲ್ಲೂ ನೋಡಲಿಲ್ಲವೆಂದೂ ಅವನು ಹೇಳುತ್ತಾನೆ. ಈಜಿಪ್ಟ್, ಸಿರಿಯಾ, ಅರೇಬಿಯಾ, ಪರ್ಷಿಯಾ, ದೆಹಲಿ ಎಲ್ಲವನ್ನೂ ಸುತ್ತಿ ಬಂದವನು ಹೇಳಿದ ಮಾತು ಇದು. ಇಲ್ಲಿನ ಮುಸ್ಲಿಂ ಹೆಂಗಸರೆಲ್ಲ ಕುರಾನನ್ನು ಬಾಯಿಪಾಠ ಬಲ್ಲವರು ಎಂದೂ ಬರೆಸಿದ್ದಾನೆ. ಅವರು ಹೊಲಿದ ಬಟ್ಟೆ ತೊಡದೆ, ಒಂದೇ ಉದ್ದನೆಯ ಬಟ್ಟೆಯ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಇನ್ನೊಂದು ತುದಿಯನ್ನು ತಲೆ ಮತ್ತು ಹೆಗಲ ಮೇಲೆ ಹೊದೆಯುತ್ತಿದ್ದರು. ಮೂಗಿನಲ್ಲಿ ಚಿನ್ನದ ನತ್ತು. ಸೀರೆ ಉಟ್ಟು, ಮೂಗುತಿ ತೊಟ್ಟು, ಅರಬ್ಬಿ ಓದುತ್ತಿದ್ದ ಹೆಣ್ಣುಮಕ್ಕಳ ಚಿತ್ರವನ್ನು ಓದುಗರು ಒಂದು ಕ್ಷಣ ಕಣ್ಣಮುಂದೆ ತಂದುಕೊಳ್ಳಬಹುದು.

ಅರಮನೆಯ ಊಟದ ವರ್ಣನೆಯೂ ಸ್ವಾರಸ್ಯವಾಗಿದೆ. ತಾಮ್ರದ ದೊಡ್ಡ ತಟ್ಟೆಗೆ ಮೊದಲು ಅನ್ನ, ಮೇಲೆ ತುಪ್ಪ. ಪಕ್ಕಕ್ಕೆ ಕಾಳುಮೆಣಸು, ಹಸಿ ಶುಂಠಿ, ಲಿಂಬೆ ಮತ್ತು ಮಾವಿನ ಉಪ್ಪಿನಕಾಯಿ. ಆಮೇಲೆ ಕೋಳಿ, ಮೀನಿನ ಅಡುಗೆಗಳು ಒಂದೊಂದಾಗಿ ಬಂದು ಕೊನೆಗೆ ಮೊಸರಿನಲ್ಲಿ ಊಟ ಮುಕ್ತಾಯ. ಈ ಸುಲ್ತಾನನ ಬಳಿ ಒಮ್ಮೆ ಹನ್ನೊಂದು ತಿಂಗಳು ರೊಟ್ಟಿಯನ್ನೇ ಕಾಣದೆ ಬರೀ ಅನ್ನ ಉಂಡು ಕಳೆದೆ ಎಂದು ಮೊರಾಕೊದ ಆ ಪ್ರವಾಸಿ ಹೇಳಿಕೊಂಡಿದ್ದಾನೆ. ತಟ್ಟೆಗೆ ಅವನು ಬಳಸಿದ ಪದ ‘ತಾಲಂ’. ಅದು ನಮ್ಮ ‘ತಾಲಿ’ಯೇ ಎಂಬುದು ಸ್ಪಷ್ಟ.

ಏಕೆ ಇಲ್ಲಿ ಇಷ್ಟು ಶಾಲೆಗಳು?

ಹೊನ್ನಾವರದ ಸುಲ್ತಾನ ಜಮಾಲುದ್ದೀನ್ ಮಹಮದ್ ದೊಡ್ಡ ಅರಸನೇನಲ್ಲ. ಅವನು ‘ಹರ್ಯಬ್’ ಎಂಬ ಹಿಂದೂ ರಾಜನ ಅಧೀನದಲ್ಲಿದ್ದ ಎಂದು ಇಬ್ನ್ ಬತೂತ ಸ್ಪಷ್ಟವಾಗಿ ಹೇಳಿದ್ದಾನೆ. ಈ ರಾಜ ವಿಜಯನಗರದ ಮೊದಲನೆಯ ಹರಿಹರನೇ ಇರಬೇಕೆಂದು ಅನೇಕ ಇತಿಹಾಸಕಾರರ ಅಭಿಪ್ರಾಯ. ಮೇಲೆ ಹಿಂದೂ ಚಕ್ರವರ್ತಿ, ಕೆಳಗೆ ಮುಸ್ಲಿಂ ಸಾಮಂತ, ಇವರಿಬ್ಬರ ನಡುವೆ ಬಂದರಿನ ವ್ಯಾಪಾರ. ಊರಿನ ಮುಸ್ಲಿಮರಿಗೆ ಉಳುವ ಭೂಮಿ ಇರಲಿಲ್ಲ. ಕಡಲ ವ್ಯಾಪಾರದಿಂದಲೇ ಜೀವನ ಸಾಗಬೇಕಿತ್ತು.

ಕಡಲ ವ್ಯಾಪಾರ ಮಾಡುವವನಿಗೆ ಓದು ಬರಹ ಬೇಕೇ ಬೇಕು. ಏಡನ್ನಿನ ವರ್ತಕನಿಗೆ ಪತ್ರ ಬರೆಯಬೇಕು, ಲೆಕ್ಕ ಇಡಬೇಕು, ನಕ್ಷತ್ರ ನೋಡಿ ದಿಕ್ಕು ಗುರುತಿಸಬೇಕು, ಮಳೆಗಾಲದ ಗಾಳಿ ಯಾವಾಗ ತಿರುಗುತ್ತದೆಂದು ತಿಳಿದಿರಬೇಕು. ಗಂಡಸರು ತಿಂಗಳುಗಟ್ಟಲೆ ಸಮುದ್ರದ ಮೇಲಿರುವಾಗ ಮನೆ ಮಕ್ಕಳನ್ನು ನೋಡಿಕೊಳ್ಳುವ ಹೊಣೆ ಹೆಂಗಸರದು. ಶಾಲೆಗಳು ಹುಟ್ಟಿಕೊಳ್ಳಲು ಇಂಥ ಅಗತ್ಯಗಳೂ ಕಾರಣವಾಗಿರಬಹುದು. ಅದರ ಜೊತೆಗೆ ಇನ್ನೊಂದು ಅನುಕೂಲವಿತ್ತು: ಹೊರಗಿನಿಂದ ಬಂದವನು ಇಲ್ಲಿ ಜೀವಭಯವಿಲ್ಲದೆ ಮನೆ ಕಟ್ಟಬಹುದಿತ್ತು, ತನ್ನ ಧರ್ಮವನ್ನು ಪಾಲಿಸಬಹುದಿತ್ತು, ತನ್ನ ಮಕ್ಕಳಿಗೆ ತನ್ನ ವಿದ್ಯೆಯನ್ನು ಕಲಿಸಬಹುದಿತ್ತು.

ಈ ಚಿತ್ರವನ್ನು ಅತಿಯಾಗಿ ಹೊಗಳಬೇಕಾಗಿಲ್ಲ. ಆ ಶಾಲೆಗಳಲ್ಲಿ ಮುಖ್ಯವಾಗಿ ಕಲಿಸುತ್ತಿದ್ದುದು ಧರ್ಮಗ್ರಂಥವನ್ನು. ಅರಮನೆಯಲ್ಲಿ ಬಡಿಸುತ್ತಿದ್ದವಳು ಒಬ್ಬ ದಾಸಿ. ಇದೇ ಸುಲ್ತಾನ ಮುಂದೆ ಗೋವೆಯ ಮೇಲೆ ಹಡಗು ಕಟ್ಟಿಕೊಂಡು ದಂಡೆತ್ತಿ ಹೋದ, ಇಬ್ನ್ ಬತೂತನೂ ಜೊತೆಗಿದ್ದ. ಆದರೂ ಹದಿನಾಲ್ಕನೆಯ ಶತಮಾನದ ಒಂದು ಸಣ್ಣ ಬಂದರಿನಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳಿದ್ದುದು ಸಾಮಾನ್ಯ ಸಂಗತಿಯಲ್ಲ. ಆ ವರ್ತಕರ ಜೊತೆಗೆ ಕಡಲು ದಾಟಿ ಬಂದ ವಿದ್ಯೆಯ ಪರಂಪರೆ ಎಲ್ಲಿಯದು ಎಂದು ಹುಡುಕಿದರೆ ಅದರ ಒಂದು ಬೇರು ಬಗ್ದಾದಿನಲ್ಲಿ ಸಿಗುತ್ತದೆ, ಇನ್ನೊಂದು ಬೇರು ಭಾರತದಲ್ಲೇ ಇದೆ.

ಅಂಕಿಗಳ ಪ್ರಯಾಣ

ಅಬ್ಬಾಸಿ ಖಲೀಫ ಅಲ್ ಮನ್ಸೂರ್ 762ರಲ್ಲಿ ಟೈಗ್ರಿಸ್ ನದಿಯ ದಡದಲ್ಲಿ ಬಗ್ದಾದ್ ನಗರ ಕಟ್ಟಿಸಿದ. ಅದಾದ ಕೆಲವು ವರ್ಷಗಳಲ್ಲಿ ಸಿಂಧ್ ಪ್ರಾಂತದಿಂದ ಅವನ ಆಸ್ಥಾನಕ್ಕೆ ಹೋದ ಒಬ್ಬ ಭಾರತೀಯ ಪಂಡಿತ ಸಂಸ್ಕೃತದ ಖಗೋಳ ಗ್ರಂಥವೊಂದನ್ನು ಒಯ್ದ. ಅದು 628ರಲ್ಲಿ ‘ಬ್ರಾಹ್ಮಸ್ಫುಟ ಸಿದ್ಧಾಂತ’ ಬರೆದ ಬ್ರಹ್ಮಗುಪ್ತನ ಪರಂಪರೆಗೆ ಸೇರಿದ್ದು. ಅರಬ್ಬಿಗೆ ಅನುವಾದವಾದ ಆ ಗ್ರಂಥ ‘ಸಿಂದ್‌ಹಿಂದ್’ ಎಂಬ ಹೆಸರಿನಿಂದ ಪ್ರಸಿದ್ಧವಾಯಿತು.

ಅದೇ ಕಾಲಕ್ಕೆ ಇನ್ನೊಂದು ವಸ್ತು ಪೂರ್ವದಿಂದ ಬಂದಿತ್ತು. ಅದು ಕಾಗದ. ಚೀನಾದಲ್ಲಿ ಹುಟ್ಟಿ ಸಮರ್‌ಖಂಡದ ಮೂಲಕ ಬಂದ ಕಾಗದ ತಯಾರಿಕೆ ಎಂಟನೆಯ ಶತಮಾನದ ಕೊನೆಯ ಹೊತ್ತಿಗೆ ಬಗ್ದಾದಿನಲ್ಲಿ ಆರಂಭವಾಯಿತು. ಚರ್ಮದ ಹಾಳೆಗಿಂತ ಕಾಗದ ಅಗ್ಗ. ಪುಸ್ತಕ ಅಗ್ಗವಾದರೆ ಓದುವವರು ಹೆಚ್ಚುತ್ತಾರೆ. ಬೀದಿ ಬೀದಿಯಲ್ಲಿ ಪುಸ್ತಕದ ಅಂಗಡಿಗಳು ಬಂದವು.

813ರಿಂದ 833ರವರೆಗೆ ಆಳಿದ ಖಲೀಫ ಅಲ್ ಮಾಮೂನನ ಕಾಲದಲ್ಲಿ ಅಲ್ಲಿನ ‘ಬೈತುಲ್ ಹಿಕ್ಮಾ’, ಅಂದರೆ ಜ್ಞಾನದ ಮನೆ, ಹೆಸರುವಾಸಿಯಾಯಿತು. ಆ ಕಾಲದ ಬಗ್ದಾದಿನ ವಿದ್ವಾಂಸರ ಪಟ್ಟಿಯನ್ನು ನೋಡಬೇಕು. ಗ್ರೀಕ್ ವೈದ್ಯಗ್ರಂಥಗಳನ್ನು ಅನುವಾದಿಸಿದವರಲ್ಲಿ ಶ್ರೇಷ್ಠನಾದ ಹುನೈನ್ ಇಬ್ನ್ ಇಸಾಕ್ ಕ್ರೈಸ್ತ. ಮುಂದೆ ಬಂದ ಗಣಿತಜ್ಞ ಸಾಬಿತ್ ಇಬ್ನ್ ಕುರ್ರ ನಕ್ಷತ್ರಗಳನ್ನು ಆರಾಧಿಸುತ್ತಿದ್ದ ಹರ್ರಾನಿನ ಸಾಬಿ ಪಂಥದವನು. ಅಲ್ ಖ್ವಾರಿಜ್ಮಿ ಮುಸ್ಲಿಂ, ಅವನು ಆಧರಿಸಿದ ಅಂಕಿಗಳು ಹಿಂದೂಗಳವು. ಅರಬರು ಅವನ್ನು ‘ಹಿಂದೂ ಅಂಕಿ’ಗಳೆಂದೇ ಕರೆದರು, ತಮ್ಮದೆಂದು ಹೇಳಿಕೊಳ್ಳಲಿಲ್ಲ. ಅದೇ ಅಂಕಿಗಳು ಮುಂದೆ ಯುರೋಪಿಗೆ ಹೋದವು. ಇಟಲಿಯ ಫಿಬೊನಾಚಿ 1202ರಲ್ಲಿ ಅವುಗಳ ಮೇಲೆ ಪುಸ್ತಕ ಬರೆದ. ಯುರೋಪಿನವರು ಅವನ್ನು ‘ಅರಬ್ಬಿ ಅಂಕಿ’ ಎಂದರು!

ಅಲ್ ಖ್ವಾರಿಜ್ಮಿಯ ಪುಸ್ತಕದ ಹೆಸರಿನಲ್ಲಿದ್ದ ‘ಅಲ್ ಜಬ್ರ್’ ಎಂಬ ಮಾತಿನಿಂದ ‘ಆಲ್ಜೀಬ್ರಾ’ ಬಂತು, ಅವನ ಹೆಸರಿನಿಂದಲೇ ಇಂದು ಕಂಪ್ಯೂಟರ್ ಕಲಿಯುವವರೆಲ್ಲ ಬಳಸುವ ‘ಅಲ್ಗಾರಿದಮ್’ ಬಂತು. ಅವನ ಒಂದು ಲೆಕ್ಕವನ್ನು ಹತ್ತನೆಯ ತರಗತಿಯ ಮಕ್ಕಳು ಇಲ್ಲೇ ಮಾಡಿ ನೋಡಬಹುದು. ಒಂದು ಸಂಖ್ಯೆಯ ವರ್ಗಕ್ಕೆ ಅದೇ ಸಂಖ್ಯೆಯ ಹತ್ತರಷ್ಟನ್ನು ಕೂಡಿಸಿದರೆ 39 ಬರುತ್ತದೆ. ಆ ಸಂಖ್ಯೆ ಯಾವುದು?

ಅಲ್ ಖ್ವಾರಿಜ್ಮಿ ಇದನ್ನು ಚಿತ್ರ ಬರೆದು ಬಿಡಿಸಿದ. ಮೊದಲು ಒಂದು ಚೌಕ ಬರೆಯಿರಿ. ಅದರ ಬಾಹುವೇ ನಮಗೆ ಗೊತ್ತಿಲ್ಲದ ಸಂಖ್ಯೆ. ಹತ್ತನ್ನು ಎರಡು ಭಾಗ ಮಾಡಿ, ಚೌಕದ ಅಕ್ಕಪಕ್ಕದ ಎರಡು ಬಾಹುಗಳಿಗೆ 5 ಅಗಲದ ಒಂದೊಂದು ಆಯತ ಅಂಟಿಸಿ. ಈಗ ಒಟ್ಟು ವಿಸ್ತೀರ್ಣ 39. ಆದರೆ ಮೂಲೆಯಲ್ಲಿ ಒಂದು ತುಂಡು ಖಾಲಿ ಉಳಿಯುತ್ತದೆ. ಅದರ ಅಳತೆ 5 ಗುಣಿಲೆ 5, ಅಂದರೆ 25. ಅದನ್ನು ತುಂಬಿಸಿದರೆ ಪೂರ್ಣ ಚೌಕವಾಗಿ ವಿಸ್ತೀರ್ಣ 64 ಆಗುತ್ತದೆ. 64ರ ವರ್ಗಮೂಲ 8. ಅದರಲ್ಲಿ 5 ಕಳೆದರೆ ಉತ್ತರ 3. ಮೂರರ ವರ್ಗ 9, ಮೂರರ ಹತ್ತರಷ್ಟು 30, ಒಟ್ಟು 39. ಇಂದಿಗೂ ಪಠ್ಯದಲ್ಲಿರುವ ‘ವರ್ಗವನ್ನು ಪೂರ್ಣಗೊಳಿಸುವ ವಿಧಾನ’ ಇದೇ.

ಅಲ್ ಬಿರೂನಿಯ ಎಚ್ಚರಿಕೆ

ಆ ಕಾಲದ ಸಹಿಷ್ಣುತೆಗೂ ಮಿತಿಗಳಿದ್ದವು. ಮುಸ್ಲಿಮೇತರರು ‘ಜಿಜಿಯಾ’ ಎಂಬ ತಲೆಗಂದಾಯ ಕೊಡಬೇಕಿತ್ತು. ರಕ್ಷಣೆ ಇತ್ತು, ಸಮಾನತೆ ಇರಲಿಲ್ಲ. ಒಬ್ಬ ಅರಸ ಕೊಟ್ಟದ್ದನ್ನು ಇನ್ನೊಬ್ಬ ಕಿತ್ತುಕೊಳ್ಳಬಹುದಿತ್ತು. ಇದನ್ನು ಬಹಳ ಚೆನ್ನಾಗಿ ಕಂಡವನು ಅಲ್ ಬಿರೂನಿ.

973ರಲ್ಲಿ ಮಧ್ಯ ಏಷ್ಯಾದಲ್ಲಿ ಹುಟ್ಟಿದ ಅಲ್ ಬಿರೂನಿ ಒಂದು ಬೆಟ್ಟದ ಎತ್ತರ ಮತ್ತು ಅದರ ತುದಿಯಿಂದ ಕಾಣುವ ಕ್ಷಿತಿಜದ ಕೋನವನ್ನು ಅಳೆದು ಭೂಮಿಯ ಗಾತ್ರವನ್ನು ಲೆಕ್ಕ ಹಾಕಿದವನು. ಸೋಮನಾಥದ ಮೇಲೆ ದಾಳಿ ಮಾಡಿದ ಗಜ್ನಿ ಮಹಮದನ ಆಸ್ಥಾನದಲ್ಲಿ ಇರಬೇಕಾಗಿ ಬಂದ ಅವನು ಸಂಸ್ಕೃತ ಕಲಿತ, ಪಂಡಿತರ ಎದುರು ಶಿಷ್ಯನಂತೆ ಕುಳಿತ. ಸುಮಾರು 1030ರಲ್ಲಿ ಭಾರತದ ಬಗ್ಗೆ ದೊಡ್ಡ ಗ್ರಂಥ ಬರೆದ. ಅದರಲ್ಲಿ ತನ್ನ ಒಡೆಯನ ದಾಳಿಗಳ ಪರಿಣಾಮವನ್ನು ಮುಚ್ಚಿಡದೆ ಹೇಳಿದ್ದಾನೆ: ಆ ದಾಳಿಗಳಿಂದ ಈ ನಾಡಿನ ಸಮೃದ್ಧಿ ಹಾಳಾಯಿತು, ಜನರ ಮನಸ್ಸಿನಲ್ಲಿ ಮುಸ್ಲಿಮರ ಬಗ್ಗೆ ತೀವ್ರ ದ್ವೇಷ ಬೇರೂರಿತು, ಗೆದ್ದುಕೊಂಡ ಪ್ರದೇಶಗಳಿಂದ ಹಿಂದೂಗಳ ವಿದ್ಯೆಗಳು ದೂರ ಸರಿದುಹೋದವು ಎಂಬುದು ಅವನ ಮಾತಿನ ಸಾರ.

ಸಾವಿರ ವರ್ಷದ ಹಿಂದೆ ಒಬ್ಬ ವಿಜ್ಞಾನಿ ಕಂಡುಕೊಂಡ ಸತ್ಯ ಇದು. ಬಗ್ದಾದಿನಲ್ಲಿ ಪರಧರ್ಮದವನಿಗೆ ಸಂಬಳ ಕೊಟ್ಟು ಕೂರಿಸಿದಾಗ ವಿದ್ಯೆ ಬಂತು. ಕತ್ತಿ ಹಿಡಿದು ಹೋದಲ್ಲಿಂದ ವಿದ್ಯೆ ಓಡಿಹೋಯಿತು. ಕರ್ನಾಟಕದ ಇತಿಹಾಸದಲ್ಲಿಯೂ ಈ ಮಾತನ್ನು ಪರೀಕ್ಷಿಸಿ ನೋಡಬಹುದು. ಅದಕ್ಕೆ ಬೀದರಿಗೆ ಹೋಗಬೇಕು.

ಬೀದರಿನ ಮದರಸ

ಇಬ್ನ್ ಬತೂತ ಹೊನ್ನಾವರಕ್ಕೆ ಬಂದುಹೋದ ಕೆಲವೇ ವರ್ಷಗಳಲ್ಲಿ, 1347ರಲ್ಲಿ, ದಖ್ಖನಿನಲ್ಲಿ ಬಹಮನಿ ರಾಜ್ಯ ಸ್ಥಾಪನೆಯಾಯಿತು. ಮೊದಲು ಕಲಬುರಗಿ, ನಂತರ ಬೀದರ್ ಅದರ ರಾಜಧಾನಿ. 1397ರಿಂದ 1422ರವರೆಗೆ ಆಳಿದ ಫಿರೋಜ್ ಷಾ ಖಗೋಳದಲ್ಲಿ ಆಸಕ್ತಿಯಿದ್ದವನು. 1407ರಲ್ಲಿ ದೌಲತಾಬಾದಿನ ಬಳಿ ವೀಕ್ಷಣಾಲಯ ಕಟ್ಟಿಸಲು ಶುರುಮಾಡಿದ. ಅದರ ಹೊಣೆ ಹೊತ್ತಿದ್ದ ವಿದ್ವಾಂಸ ತೀರಿಕೊಂಡದ್ದರಿಂದ ಕೆಲಸ ಪೂರ್ಣವಾಗಲಿಲ್ಲ.

ಅವನ ನಂತರ ಬಂದ ಅಹಮದ್ ಷಾನ ಗೋರಿ ಬೀದರಿನ ಹತ್ತಿರದ ಅಷ್ಟೂರಿನಲ್ಲಿದೆ. ಅಲ್ಲಿನ ವಾರ್ಷಿಕ ಉರುಸಿಗೆ ಕಲಬುರಗಿ ಸೀಮೆಯ ಮಾಡ್ಯಾಳ ಗ್ರಾಮದಿಂದ ಲಿಂಗಾಯತ ಜಂಗಮರು ನಡೆದು ಬಂದು ಮುಂದಾಳುತನ ವಹಿಸುವುದು ತಲೆತಲಾಂತರದ ಪದ್ಧತಿ. ಅನೇಕ ಹಿಂದೂಗಳು ಆ ಸುಲ್ತಾನನನ್ನು ಅಲ್ಲಮಪ್ರಭುವಿನ ಅವತಾರವೆಂದು ನಂಬುತ್ತಾರೆ.

ಬೀದರಿನ ನೀರಿನ ವ್ಯವಸ್ಥೆಯೂ ಪರದೇಶದ ವಿದ್ಯೆಯ ಫಲ. ನಮ್ಮ ತೋಟಿಗರು ಗುಡ್ಡದ ಒರತೆಯ ನೀರನ್ನು ಅಡಿಕೆ ದಂಬೆಯಲ್ಲಿ ಮನೆಯಂಗಳಕ್ಕೆ ಹರಿಸುತ್ತಿದ್ದುದನ್ನು ಹಿರಿಯರು ಬಲ್ಲರು. ಇಳಿಜಾರು ಇದ್ದರೆ ಸಾಕು, ಯಾವ ಯಂತ್ರವೂ ಬೇಡ. ಬೀದರಿನಲ್ಲಿ ಇದನ್ನೇ ನೆಲದೊಳಗೆ ಮಾಡಿದರು. ಅಂತರ್ಜಲ ಇರುವ ಜಾಗದಿಂದ ಊರಿನ ಕಡೆಗೆ ಅತಿ ಕಡಿಮೆ ಇಳಿಜಾರಿನ ಸುರಂಗ ಕೊರೆದು, ಗಾಳಿ ಬೆಳಕಿಗೂ ಹೂಳು ಎತ್ತುವುದಕ್ಕೂ ಅಲ್ಲಲ್ಲಿ ಬಾವಿಯಂಥ ಕಂಡಿ ಬಿಟ್ಟರು. ಇದಕ್ಕೆ ‘ಕರೇಜ್’ ಎಂದು ಹೆಸರು. ಪರ್ಷಿಯಾದಲ್ಲಿ ಸಾವಿರಾರು ವರ್ಷದಿಂದ ಬಳಕೆಯಲ್ಲಿದ್ದ ತಂತ್ರ ಇದು. ಸುರಂಗದೊಳಗೆ ಬಿಸಿಲು ತಾಗದೆ ಇರುವುದರಿಂದ ನೀರು ಆವಿಯಾಗುವುದು ತೀರ ಕಡಿಮೆ. ಬೀದರಿನ ನೌಬಾದ್ ಕರೇಜ್ ಸುಮಾರು 3 ಕಿಲೋಮೀಟರ್ ಉದ್ದವಿದ್ದು, ಕಳೆದ ದಶಕದಲ್ಲಿ ಅದರ ಹೂಳು ತೆಗೆಯುವ ಕೆಲಸ ನಡೆಯಿತು. ವಿಜಯಪುರದ ‘ಸುರಂಗ ಬಾವಡಿ’ಯೂ ಇಂಥದೇ.

ಪರ್ಷಿಯಾದಿಂದ ಹೀಗೆ ಬಂದವರಲ್ಲಿ ಒಬ್ಬ ಮಹಮೂದ್ ಗವಾನ್. ಕ್ಯಾಸ್ಪಿಯನ್ ಸಮುದ್ರದ ದಡದ ಗಿಲಾನ್ ಪ್ರಾಂತದವನು. ಸುಮಾರು 1453ರಲ್ಲಿ ವ್ಯಾಪಾರಿಯಾಗಿ ದಾಭೋಳ ಬಂದರಿನಲ್ಲಿ ಇಳಿದು ಬೀದರಿಗೆ ಬಂದ. ಆಗಲೇ ನಲವತ್ತು ದಾಟಿತ್ತು. ಬುದ್ಧಿವಂತಿಕೆ, ಪ್ರಾಮಾಣಿಕತೆಗಳಿಂದ ಮೇಲೇರಿ ಪ್ರಧಾನ ಮಂತ್ರಿಯಾದ. ಭೂಮಿಯನ್ನು ಅಳೆಯಿಸಿ ಕಂದಾಯ ಗೊತ್ತು ಮಾಡಿದ, ನಾಲ್ಕು ಪ್ರಾಂತಗಳನ್ನು ಎಂಟಾಗಿ ವಿಂಗಡಿಸಿ ಪ್ರಾಂತಾಧಿಕಾರಿಗಳ ಬಲವನ್ನು ಹತೋಟಿಗೆ ತಂದ. ಅವನ ಸ್ವಂತ ಜೀವನ ಬಹಳ ಸರಳವಾಗಿತ್ತು. ಮಣ್ಣಿನ ಪಾತ್ರೆಯಲ್ಲಿ ಅಡುಗೆ, ಚಾಪೆಯ ಮೇಲೆ ನಿದ್ದೆ ಎಂದು ಇತಿಹಾಸಕಾರ ಫೆರಿಷ್ತಾ ಬರೆದಿದ್ದಾನೆ.

1472ರಲ್ಲಿ ಗವಾನ್ ಬೀದರಿನಲ್ಲಿ ಕಟ್ಟಿಸಿದ ಮದರಸ ಮೂರು ಅಂತಸ್ತಿನದು. ಉದ್ದ 205 ಅಡಿ, ಅಗಲ 180 ಅಡಿ. ನಡುವೆ ವಿಶಾಲವಾದ ಅಂಗಳ, ಸುತ್ತಲೂ ಉಪನ್ಯಾಸದ ಕೋಣೆಗಳು, ಗ್ರಂಥಾಲಯ, ಮಸೀದಿ, ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ವಸತಿ. ಎದುರಿಗೆ ಎರಡು ಮಿನಾರುಗಳಿದ್ದವು. ಈಗ ಉಳಿದಿರುವ ಒಂದರ ಎತ್ತರ ಸುಮಾರು 131 ಅಡಿ. ಗೋಡೆಗೆ ಪರ್ಷಿಯಾದ ಶೈಲಿಯ ನೀಲಿ, ಹಸಿರು, ಹಳದಿ ಬಣ್ಣದ ಹೆಂಚುಗಳು. ಗ್ರಂಥಾಲಯದಲ್ಲಿ ಮೂರು ಸಾವಿರ ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. ಮುದ್ರಣಯಂತ್ರ ಭಾರತಕ್ಕೆ ಬಂದಿರದ ಕಾಲದಲ್ಲಿ ಒಂದೊಂದು ಪುಸ್ತಕವನ್ನೂ ಕೈಯಿಂದ ನಕಲು ಮಾಡಬೇಕಿತ್ತು ಎಂಬುದನ್ನು ನೆನೆದರೆ ಈ ಸಂಖ್ಯೆಯ ತೂಕ ತಿಳಿಯುತ್ತದೆ. ಪರ್ಷಿಯನ್ ಕವಿ ಜಾಮಿಯಂಥವರಿಗೂ ಗವಾನ್ ಪತ್ರ ಬರೆದು ಬೀದರಿಗೆ ಆಹ್ವಾನಿಸಿದ್ದ.

ಒಂದು ಸುಳ್ಳು ಪತ್ರ

ಆದರೆ ಬೀದರಿನ ಆಸ್ಥಾನ ಎರಡು ಗುಂಪಾಗಿ ಒಡೆದಿತ್ತು. ಅಲ್ಲೇ ಹುಟ್ಟಿ ಬೆಳೆದ ‘ದಖನಿ’ಗಳು ಒಂದು ಕಡೆ, ಪರ್ಷಿಯಾ ಮೊದಲಾದ ಕಡೆಯಿಂದ ಬಂದ ‘ಅಫಾಕಿ’ಗಳು ಇನ್ನೊಂದು ಕಡೆ. ಗವಾನ್ ಸ್ವತಃ ಅಫಾಕಿ. ಆದರೂ ಅಧಿಕಾರವನ್ನು ಎರಡೂ ಗುಂಪಿಗೆ ಹಂಚಿ ಸಮತೋಲ ತರಲು ನೋಡಿದ. ಅಧಿಕಾರ ಮೊಟಕಾದವರಿಗೆ ಅವನ ಮೇಲೆ ಸಿಟ್ಟು ಬಂತು.

ಅವರು ಗವಾನನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಮುದ್ರೆ ಒತ್ತಿಸಿದರು. ಬಹಮನಿ ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒರಿಸ್ಸಾದ ಅರಸನಿಗೆ ಗವಾನನೇ ಕರೆ ಕಳಿಸಿದಂತೆ ಅದರಲ್ಲಿ ಪತ್ರ ಸೃಷ್ಟಿಸಿದರು. ಸುಲ್ತಾನ ಮೂರನೆಯ ಮಹಮದ್ ಷಾ ಕುಡಿದ ಅಮಲಿನಲ್ಲಿದ್ದಾಗ ಅದನ್ನು ಅವನ ಕೈಗಿತ್ತರು. ಮುದ್ರೆ ತನ್ನದೇ, ಆದರೆ ಬರಹ ತನ್ನದಲ್ಲ ಎಂದು ಗವಾನ್ ಹೇಳಿದ್ದನ್ನು ಸುಲ್ತಾನ ಕೇಳಿಸಿಕೊಳ್ಳಲಿಲ್ಲ. ವಿಚಾರಣೆ ನಡೆಯಲಿಲ್ಲ, ಅಕ್ಷರ ಹೋಲಿಸಿ ನೋಡಲಿಲ್ಲ. 1481ರ ಏಪ್ರಿಲ್ ತಿಂಗಳಲ್ಲಿ ಕೊಂಡಪಲ್ಲಿಯ ಶಿಬಿರದಲ್ಲಿ ಎಪ್ಪತ್ತರ ಆ ವೃದ್ಧನ ತಲೆ ಉರುಳಿತು. ನಂತರ ಅವನ ಖಜಾನೆ ತೆಗೆಸಿ ನೋಡಿದರೆ ಅಲ್ಲಿದ್ದುದು ತೀರ ಕಡಿಮೆ ಹಣ. ತಪ್ಪಿನ ಅರಿವಾದ ಸುಲ್ತಾನ ಮರುವರ್ಷವೇ ಸತ್ತ. ಮುಂದಿನ ಕೆಲವು ದಶಕಗಳಲ್ಲಿ ಬಹಮನಿ ರಾಜ್ಯ ಐದು ಚೂರಾಯಿತು.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಕೊಲ್ಲಿಸಿದವರೂ ಕೊಲೆಯಾದವನೂ ಒಂದೇ ಧರ್ಮದವರು. ಅಸಹನೆಗೆ ಬೇರೆ ಧರ್ಮವೇ ಬೇಕೆಂದಿಲ್ಲ. ‘ನಮ್ಮೂರವನಲ್ಲ’ ಎಂಬ ಒಂದು ಮಾತು ಸಾಕು. ಪರೀಕ್ಷಿಸದೆ ನಂಬಿದ ಒಂದು ಹಾಳೆ ಕಾಗದ ಒಂದು ರಾಜ್ಯದ ಬುಡವನ್ನೇ ಅಲುಗಾಡಿಸಿತು. ಮೊಬೈಲಿನಲ್ಲಿ ಬಂದದ್ದನ್ನೆಲ್ಲ ಮರುಕ್ಷಣವೇ ಮುಂದಕ್ಕೆ ಕಳಿಸುವ ಇಂದಿನ ಕಾಲದ ವಿದ್ಯಾರ್ಥಿಗಳಿಗೆ ಈ ಕಥೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮದರಸ ಇನ್ನೂ ಇನ್ನೂರು ವರ್ಷ ನಿಂತಿತ್ತು. ಔರಂಗಜೇಬನ ಕಾಲದಲ್ಲಿ ಅದರ ಕೋಣೆಗಳಲ್ಲಿ ಮದ್ದುಗುಂಡು ತುಂಬಿಟ್ಟರು. 1696ರಲ್ಲಿ ಅದು ಸಿಡಿದು ಕಟ್ಟಡದ ದೊಡ್ಡ ಭಾಗ ನೆಲಕ್ಕುರುಳಿತು. ಪುಸ್ತಕ ಇಡುವ ಜಾಗದಲ್ಲಿ ಮದ್ದು ಇಟ್ಟದ್ದರ ಫಲ ಅದು.

ಸರಸ್ವತಿಯನ್ನು ನೆನೆದ ಸುಲ್ತಾನ

ಬಹಮನಿಯ ಐದು ಚೂರುಗಳಲ್ಲಿ ಒಂದು ಬಿಜಾಪುರ, ಇಂದಿನ ವಿಜಯಪುರ. ಅಲ್ಲಿ 1580ರಿಂದ 1627ರವರೆಗೆ ಆಳಿದವನು ಎರಡನೆಯ ಇಬ್ರಾಹಿಂ ಆದಿಲ್ ಷಾ. ಪಟ್ಟಕ್ಕೆ ಬಂದಾಗ ಒಂಬತ್ತು ವರ್ಷದ ಹುಡುಗ. ಚಾಂದಬೀಬಿ ಅವನ ಪರವಾಗಿ ರಾಜ್ಯ ನೋಡಿಕೊಂಡಳು. ಬೆಳೆದ ಮೇಲೆ ಸಂಗೀತದ ಹುಚ್ಚು ಹಿಡಿಸಿಕೊಂಡು ದಖನಿ ಭಾಷೆಯಲ್ಲಿ ‘ಕಿತಾಬೆ ನವರಸ್’ ರಚಿಸಿದ. ಅದರಲ್ಲಿ ರಾಗಗಳಿಗೆ ಅಳವಡಿಸಿದ 59 ಹಾಡುಗಳೂ 17 ದ್ವಿಪದಿಗಳೂ ಇವೆ. ಕೃತಿಯ ಆರಂಭದಲ್ಲಿಯೇ ಸರಸ್ವತಿಯ ಸ್ಮರಣೆ ಬರುತ್ತದೆ. ಗಣಪತಿಗೆ ಸಲ್ಲುವ ಸ್ತುತಿಯೂ ಕಲಬುರಗಿಯ ಸೂಫಿ ಸಂತ ಬಂದೇನವಾಜರ ಸ್ತುತಿಯೂ ಒಂದೇ ಪುಸ್ತಕದಲ್ಲಿ ಸಿಗುತ್ತವೆ. ಜನ ಅವನನ್ನು ‘ಜಗದ್ಗುರು’ ಎಂದು ಕರೆದರು. ಅವನು ಕೊನೆಯವರೆಗೂ ಮುಸ್ಲಿಮನಾಗಿಯೇ ಇದ್ದ. ಅವನ ಸಮಾಧಿಯಾದ ಇಬ್ರಾಹಿಂ ರೋಜಾದ ಗೋಡೆಗಳ ತುಂಬ ಅರಬ್ಬಿ ಅಕ್ಷರಗಳ ಕೆತ್ತನೆಯಿದೆ. ತನ್ನ ನಂಬಿಕೆಯನ್ನು ಬಿಡದೆ ಇನ್ನೊಬ್ಬರ ನಂಬಿಕೆಯನ್ನು ಗೌರವಿಸಲು ಸಾಧ್ಯ ಎಂಬುದಕ್ಕೆ ಅವನು ಉದಾಹರಣೆ.

ಈ ಮನೋಭಾವ ಅವನಿಗೂ ಮೊದಲೇ ಅಲ್ಲಿತ್ತು. ಅವನ ದೊಡ್ಡಪ್ಪ ಮೊದಲನೆಯ ಅಲಿ ಆದಿಲ್ ಷಾ ದೊಡ್ಡ ಗ್ರಂಥಾಲಯವನ್ನು ಬೆಳೆಸಿದವನು. ಅವನ ಕಾಲದಲ್ಲಿ, 1570ರಲ್ಲಿ, ಸಿದ್ಧವಾದ ‘ನುಜೂಮುಲ್ ಉಲೂಮ್’ ಎಂಬ ಸಚಿತ್ರ ಹಸ್ತಪ್ರತಿಯಲ್ಲಿ ಗ್ರಹ ನಕ್ಷತ್ರಗಳ ಕುರಿತ ಇಸ್ಲಾಮಿ ಮತ್ತು ಭಾರತೀಯ ವಿಚಾರಗಳು ಅಕ್ಕಪಕ್ಕದಲ್ಲಿವೆ. ಅದು ಈಗ ಐರ್ಲೆಂಡಿನ ಡಬ್ಲಿನ್ ನಗರದಲ್ಲಿದೆ. ಇದೇ ಅಲಿ ಆದಿಲ್ ಷಾ 1565ರಲ್ಲಿ ವಿಜಯನಗರದ ವಿರುದ್ಧ ಯುದ್ಧಕ್ಕೂ ಸೇರಿದ್ದ, ಆ ಗೆಲುವಿನ ನಂತರ ಹಂಪಿ ಹಾಳಾಯಿತು ಎಂಬುದನ್ನೂ ಮರೆಯಬಾರದು. ಒಬ್ಬನೇ ಅರಸ ಪುಸ್ತಕವನ್ನು ಕೂಡಿಟ್ಟ, ಪಟ್ಟಣದ ನಾಶದಲ್ಲೂ ಪಾಲುದಾರನಾದ. ಇತಿಹಾಸ ಓದುವ ಮಕ್ಕಳಿಗೆ ಇವೆರಡನ್ನೂ ಹೇಳಬೇಕು. ಒಂದನ್ನು ಮಾತ್ರ ಹೇಳಿದರೆ ಅದು ಅರ್ಧ ಪಾಠವಾಗುತ್ತದೆ.

1686ರಲ್ಲಿ ಬಿಜಾಪುರ ಔರಂಗಜೇಬನ ವಶವಾಯಿತು. ಅಲ್ಲಿನ ಅಸರ್ ಮಹಲಿನಲ್ಲಿ ಉಳಿದಿದ್ದ ಅರಬ್ಬಿ, ಪರ್ಷಿಯನ್ ಹಸ್ತಪ್ರತಿಗಳನ್ನು ಬ್ರಿಟಿಷರು 1853ರಲ್ಲಿ ಲಂಡನ್ನಿಗೆ ಸಾಗಿಸಿದರು.

ನಮ್ಮ ಕಾಡಿನ ನಡುವೆ

ಬಿಜಾಪುರದ ಆಸ್ಥಾನದಲ್ಲಿ ಆಫ್ರಿಕ ಮೂಲದವರೂ ಇದ್ದರು. ಗುಲಾಮರಾಗಿ, ಸೈನಿಕರಾಗಿ ಕಡಲು ದಾಟಿ ಬಂದವರಲ್ಲಿ ಕೆಲವರು ಉನ್ನತ ಪದವಿಗೆ ಏರಿದರು. ಗೋಲಗುಮ್ಮಟ ಕಟ್ಟಿಸಿದ ಮಹಮದ್ ಆದಿಲ್ ಷಾನ ಮಂತ್ರಿ ಇಖ್ಲಾಸ್ ಖಾನ್ ಅಂಥವನು. ಆ ಅದೃಷ್ಟ ಬಹುಪಾಲು ಜನರಿಗೆ ಇರಲಿಲ್ಲ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ತಾಲೂಕುಗಳ ಕಾಡಿನಂಚಿನಲ್ಲಿ ನೆಲೆಸಿರುವ ಸಿದ್ದಿಗಳ ಪೂರ್ವಜರಲ್ಲಿ ಅನೇಕರು ಪೋರ್ಚುಗೀಸರ ಗೋವೆಯಿಂದ ತಪ್ಪಿಸಿಕೊಂಡು ಬಂದ ಗುಲಾಮರು. ಅವರ ಮಕ್ಕಳ ಹೆಸರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಲು 2003ರವರೆಗೆ ಕಾಯಬೇಕಾಯಿತು.

ಸಿದ್ದಿಗಳಲ್ಲಿ ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ. ಧರ್ಮ ಮೂರಾದರೂ ತಾವೆಲ್ಲ ಸಿದ್ದಿಗಳು ಎಂಬ ಭಾವ ಒಂದೇ. ಸಿರಸಿ ತಾಲೂಕಿನ ಸೋಂದೆಯಲ್ಲಿಯೂ ಜೈನ ಮಠ, ವಾದಿರಾಜರ ಮಠ, ಸ್ವರ್ಣವಲ್ಲಿಯ ಮಠ ಒಂದೇ ಸೀಮೆಯಲ್ಲಿವೆ. ಹೊನ್ನಾವರದಲ್ಲಿ ಇಬ್ನ್ ಬತೂತ ಕಂಡದ್ದರ ಜೊತೆಗೆ ಇವನ್ನೂ ಇಟ್ಟು ನೋಡಿದರೆ, ಬೇರೆ ಬೇರೆ ನಂಬಿಕೆಯವರು ನೆರೆಹೊರೆಯಲ್ಲಿ ಬಾಳುವುದು ಈ ಜಿಲ್ಲೆಗೆ ಹೊಸದೇನೂ ಅಲ್ಲ ಎಂಬುದು ಮನವರಿಕೆಯಾಗುತ್ತದೆ.

ಪ್ರತಿವರ್ಷ ಡಿಸೆಂಬರ್ ಬಂತೆಂದರೆ ಶಾಲೆಗಳ ಪ್ರವಾಸ ಶುರು. ಮಕ್ಕಳು ಬಸ್ಸಿನಲ್ಲಿ ವಿಜಯಪುರಕ್ಕೆ ಹೋಗಿ, ಗೋಲಗುಮ್ಮಟದ ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಮ್ಮೆ ಕೂಗಿ, ಪ್ರತಿಧ್ವನಿ ಎಣಿಸಿ ಬರುತ್ತಾರೆ. ಅದರ ಜೊತೆಗೆ ಇಬ್ರಾಹಿಂ ರೋಜಾವನ್ನೂ ಸುರಂಗ ಬಾವಡಿಯನ್ನೂ ತೋರಿಸಿದರೆ ಒಳ್ಳೆಯದು. ಇನ್ನಷ್ಟು ದಿನ ಸಿಕ್ಕರೆ ಬೀದರಿಗೂ ಹೋಗಿ, ಅರ್ಧ ಕುಸಿದ ಆ ಮದರಸದ ಎದುರು ಮಕ್ಕಳನ್ನು ನಿಲ್ಲಿಸಿ, ಕಟ್ಟಿಸಿದವನು ಎಲ್ಲಿಂದ ಬಂದ, ಏನು ಕಟ್ಟಿದ, ಏಕೆ ಸತ್ತ ಎಂದು ಹೇಳಬಹುದು. ಅಷ್ಟು ದೂರ ಹೋಗಲಾಗದವರು ಮನೆಯಲ್ಲೇ ಗಣಿತದ ಪಟ್ಟಿ ತೆರೆದು, ಅದರಲ್ಲಿರುವ ಸೊನ್ನೆ ಎಷ್ಟು ಊರು ಸುತ್ತಿ, ಎಷ್ಟು ಧರ್ಮದವರ ಕೈ ದಾಟಿ ಮತ್ತೆ ಇಲ್ಲಿಗೆ ಬಂದಿದೆ ಎಂದು ಮಕ್ಕಳ ಜೊತೆ ಕುಳಿತು ಲೆಕ್ಕ ಹಾಕಬಹುದು.